ದಾನದ ಹಸುವಿನ ಹಲ್ಲು, ಸೀರಣಿಗೆಯ ಹಲ್ಲು

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ನೆಂಟರು ಉಡುಗೊರೆಯಾಗಿ ಕೊಟ್ಟ ಕೈಗಡಿಯಾರದ ಬೆಲೆ ಎಷ್ಟಿರಬಹುದು ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದಳು. ‘ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಕಣೇ’ ಎಂದೆ. ‘ಹಸುವಿನ ಹಲ್ಲನ್ನ ಯಾಕಮ್ಮಾ ಎಣಿಸ್ತಾರೆ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಹಲ್ಲು ಮಸೆಯುವುದು, ಹಲ್ಲು ಕಿರಿಯುವುದು, ಹಲ್ಲು ಕಿತ್ತ ಹಾವು, ಇವೆಲ್ಲ ಎಲ್ಲಿಂದ ಬಂದವು? ಬಾಚಣಿಗೆಗೂ ಹಲ್ಲಿದೆಯಲ್ಲ, ಅದರ ಮೇಲೆ ನಮ್ಮಲ್ಲಿ ಮಾತುಗಳಿಲ್ಲವೇ? ಪತ್ರಿಕೆಗಳಲ್ಲಿ ಬರುವ ‘ಕೂಂಬಿಂಗ್’ ಎನ್ನುವುದು ಬಾಚಣಿಗೆಯ ಮಾತೇ ತಾನೇ?
(ಓದುಗರೊಬ್ಬರು, ಹಾಸನ)

ಉತ್ತರ: ನಿಮ್ಮ ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಆ ಗಾದೆಯ ಜೀವ ಇರುವುದೇ ‘ಹಲ್ಲು ಎಣಿಸು’ ಎಂಬ ಎರಡು ಪದಗಳಲ್ಲಿ. ಮೊದಲು ಅದನ್ನೇ ಬಿಡಿಸೋಣ.

ಹಸುವಿನ ಬಾಯಿ ತೆರೆದು ನೋಡಿದರೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ. ಅಲ್ಲಿ ದಪ್ಪನೆಯ ಗಟ್ಟಿ ವಸಡು ಮಾತ್ರ. ಮುಂದಿನ ಹಲ್ಲು ಇರುವುದು ಕೆಳಗೆ, ಒಟ್ಟು 8. ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದುಕೊಂಡು, ಈ ಎಂಟು ಹಲ್ಲನ್ನು ಮೇಲಿನ ವಸಡಿಗೆ ಒತ್ತಿ ಕಿತ್ತು ತಿನ್ನುತ್ತದೆ. ಕರುವಾಗಿದ್ದಾಗ ಈ ಎಂಟೂ ಹಾಲುಹಲ್ಲು. ಅವು ಒಟ್ಟಿಗೆ ಬೀಳುವುದಿಲ್ಲ. ನಟ್ಟನಡುವಿನಿಂದ ಶುರುವಾಗಿ ಜೋಡಿ ಜೋಡಿಯಾಗಿ ಬೀಳುತ್ತವೆ. ಬಿದ್ದ ಜಾಗದಲ್ಲಿ ಅಗಲವಾದ ಹೊಸ ಹಲ್ಲು ಬರುತ್ತದೆ. ಸುಮಾರು 2 ವರ್ಷಕ್ಕೆ ಮೊದಲ ಜೋಡಿ, 3 ವರ್ಷದ ಹೊತ್ತಿಗೆ ಎರಡನೆಯ ಜೋಡಿ, ಆಮೇಲೆ ಮೂರನೆಯದು, 4ರಿಂದ 5 ವರ್ಷದೊಳಗೆ ನಾಲ್ಕನೆಯದು. ತಳಿ ಮತ್ತು ಮೇವಿನ ಮೇಲೆ ಕೆಲವು ತಿಂಗಳು ಹಿಂದೆಮುಂದೆ ಆಗುತ್ತದೆ, ಅಷ್ಟೇ.

ಈಗ ದನಗಳ ಜಾತ್ರೆಗೆ ಬನ್ನಿ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಇಂಥ ಕಡೆ ರಾಸುಗಳನ್ನು ಕರೆಯುವುದೇ ಹಲ್ಲಿನ ಲೆಕ್ಕದಲ್ಲಿ. ಹಾಲುಹಲ್ಲಿನ ಹೋರಿ, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದು ಸಾಲು ತುಂಬಿದರೆ ‘ಬಾಯಿಗೂಡಿದ’ ಎತ್ತು. ಜಾತ್ರೆಯಲ್ಲಿ ಒಳ್ಳೆಯ ರಾಸುಗಳಿಗೆ ಬಹುಮಾನ ಕೊಡುವಾಗಲೂ ಇದೇ ವಿಂಗಡಣೆ. ‘ಹಲ್ಲೆಷ್ಟು?’ ಎಂದು ಕೇಳಿದರೆ ‘ವಯಸ್ಸೆಷ್ಟು?’ ಎಂದೇ ಅರ್ಥ. ಬಾಯಿಗೂಡಿದ ಮೇಲೆ ಎಣಿಕೆ ನಿಲ್ಲುತ್ತದೆ, ಸವೆತ ನೋಡುವುದು ಶುರುವಾಗುತ್ತದೆ. ಅಂಚು ಎಷ್ಟು ಮೊಂಡಾಗಿದೆ, ಹಲ್ಲುಗಳ ನಡುವೆ ಸಂದು ಬಿದ್ದಿದೆಯೇ, ಬುಡ ಸಣ್ಣಗೆ ಕಾಣುತ್ತಿದೆಯೇ ಎಂದು ಅನುಭವಸ್ಥರು ಬೆರಳಾಡಿಸಿ ಹೇಳುತ್ತಾರೆ.

ಹುಟ್ಟಿದ ದಿನ ಬರೆದಿಟ್ಟ ಚೀಟಿ ಎತ್ತಿಗೆ ಎಲ್ಲಿಂದ ಬರಬೇಕು? ಮಾರುವವನು ಒಂದೆರಡು ವರ್ಷ ಕಡಿಮೆ ಹೇಳಬಹುದು. ಹಲ್ಲು ಮಾತ್ರ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಹಾಗಾಗಿ ಕೊಳ್ಳುವವನು ಬಾಯಿ ಬಿಡಿಸಿ ನೋಡುವುದು ಅವಮಾನವಲ್ಲ, ಅವನ ಹಕ್ಕು. ಅದಾದ ಮೇಲೆಯೇ ಟವೆಲ್ ಅಡಿಯಲ್ಲಿ ಕೈ ಹಿಡಿದು, ಬೆರಳಿನ ಲೆಕ್ಕದಲ್ಲಿ ಬೆಲೆ ಕುದುರಿಸುವುದು.

ದುಡ್ಡು ಕೊಡದೆ ಬಂದ ಹಸುವಿನ ಬಾಯಿ ಬಿಡಿಸಿದರೆ? ಪ್ರೀತಿಯಿಂದ ಕೊಟ್ಟವರನ್ನು ಜಾತ್ರೆಯ ವ್ಯಾಪಾರಿಯ ಹಾಗೆ ಕಂಡಂತೆ ಆಯಿತು ಅಲ್ವಾ? ಗಾದೆ ಬೇಡ ಎನ್ನುವುದು ಇದನ್ನೇ. ಕೈಗಡಿಯಾರದ ಬೆಲೆ ಹುಡುಕುವುದಕ್ಕೂ ಹಲ್ಲು ಎಣಿಸುವುದಕ್ಕೂ ಏನೂ ವ್ಯತ್ಯಾಸವಿಲ್ಲ. ನೀವು ಗಾದೆ ಹೇಳಿದ ಜಾಗ ಸರಿಯಾಗಿಯೇ ಇದೆ. ಇದರದ್ದೇ ಇನ್ನೊಂದು ಜೋಡಿ ಗಾದೆ ನಮ್ಮಲ್ಲಿದೆ: ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’. ದಟ್ಟಿ ಎಂದರೆ ಉಡುವ ಬಟ್ಟೆ. ಪುಕ್ಕಟೆ ಸಿಕ್ಕ ಬಟ್ಟೆಯನ್ನು ಹಿತ್ತಲಿಗೆ ಒಯ್ದು ಎಷ್ಟು ಮೊಳ ಇದೆ ಎಂದು ಅಳೆಯುವುದು! ನನಗೆ ಹಸುವಿನ ಗಾದೆಗಿಂತ ಇದೇ ಜಾಸ್ತಿ ಇಷ್ಟ. ಆ ‘ಹಿತ್ತಲಿಗೆ ಹೋಗಿ’ ಎನ್ನುವ ಮಾತಿನಲ್ಲಿ ಅಳೆಯುವವರ ಅಳುಕೂ ಕಾಣುತ್ತದೆ.

ಯುರೋಪಿನಲ್ಲಿ ಇದೇ ಮಾತು ಕುದುರೆಯ ಮೇಲಿದೆ. ಸುಮಾರು 1600 ವರ್ಷಗಳ ಹಿಂದೆ ಸಂತ ಜೆರೋಮ್ ಲ್ಯಾಟಿನ್‌ನಲ್ಲಿ ‘ದಾನದ ಕುದುರೆಯ ಹಲ್ಲು ನೋಡಬೇಡ’ ಎಂದು ಬರೆದಾಗಲೇ ಅದನ್ನು ಜನರ ಬಾಯಲ್ಲಿರುವ ಗಾದೆ ಎಂದು ಕರೆದಿದ್ದಾನೆ. ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯಿತು ಎಂದು ಕಥೆ ಕಟ್ಟುವುದು ಬೇಡ. ಪ್ರಾಣಿಯನ್ನು ಕೊಂಡು ಮಾರುವ ಜನ ಎಲ್ಲಿದ್ದರೂ ಬಾಯಿ ಬಿಡಿಸಿಯೇ ನೋಡುತ್ತಾರೆ. ಅಲ್ಲಿ ಕುದುರೆ, ನಮ್ಮಲ್ಲಿ ಹಸು ಮತ್ತು ಎಮ್ಮೆ.

ಒಂದು ಮಾತು ಮಗಳಿಗೆ ಖಂಡಿತ ಹೇಳಿ. ಈ ಗಾದೆ ಪಡೆಯುವವರಿಗೆ ಬುದ್ಧಿ ಹೇಳುತ್ತದೆ. ಕೊಡುವವರು ಏನು ಕೊಟ್ಟರೂ ನಡೆಯುತ್ತದೆ ಎಂದು ಇದರ ಅರ್ಥವಲ್ಲ. ಕಠೋಪನಿಷತ್ತಿನ ನಚಿಕೇತ ನೆನಪಿದ್ದಾನಾ? ಅವನ ತಂದೆ ಯಾಗದಲ್ಲಿ ದಾನಕ್ಕೆ ನಿಲ್ಲಿಸಿದ್ದು ಎಂಥ ಹಸುಗಳು? ಕೊನೆಯ ನೀರು ಕುಡಿದು, ಕೊನೆಯ ಹುಲ್ಲು ತಿಂದು, ಕೊನೆಯ ಹಾಲು ಕರೆಸಿಕೊಂಡು ಮುಗಿದವು. ಇಂಥದ್ದನ್ನು ದಾನ ಮಾಡಿದರೆ ಯಾವ ಲೋಕ ಸಿಗುತ್ತದೆ ಎಂದು ಆ ಹುಡುಗ ಕಳವಳಪಟ್ಟ. ತಂದೆಯನ್ನು ‘ನನ್ನನ್ನು ಯಾರಿಗೆ ಕೊಡುತ್ತೀಯ?’ ಎಂದು ಕೇಳಿದ. ಕೆಟ್ಟುಹೋದ ಅಕ್ಕಿಯನ್ನು ನೆರೆ ಪರಿಹಾರ ಎಂದು ಹಂಚಿದಾಗ, ಅದನ್ನು ಪ್ರಶ್ನಿಸಿದವರ ಬಾಯಿ ಮುಚ್ಚಿಸಲು ಈ ಗಾದೆ ಬಳಸುವವರಿದ್ದಾರೆ. ಅದು ಗಾದೆಗೆ ಮಾಡುವ ಅನ್ಯಾಯ. ಹಕ್ಕಾಗಿ ಬರಬೇಕಾದ್ದು ದಾನವಲ್ಲ. ಅಲ್ಲಿ ಹಲ್ಲು ಎಣಿಸಲೇಬೇಕು.

ಇನ್ನು ನೀವು ಕೇಳಿದ ಹಲ್ಲಿನ ಬೇರೆ ಮಾತುಗಳು. ಇಲ್ಲಿ ಗಮನ ಕೊಡಬೇಕಾದ್ದು ಹಲ್ಲಿನ ಜೊತೆ ಬರುವ ಕ್ರಿಯಾಪದಕ್ಕೆ. ಹಲ್ಲು ಕಡಿಯುವುದು ಆ ಕ್ಷಣದ ಸಿಟ್ಟು. ಬಂತು, ಹೋಯಿತು. ಹಲ್ಲು ಕಚ್ಚಿಕೊಂಡಿರುವುದು ಸಹನೆ. ನೋವಿದೆ, ಬಾಯಿ ಬಿಡುತ್ತಿಲ್ಲ. ಹಲ್ಲು ಮಸೆಯುವುದು ಇವೆರಡಕ್ಕಿಂತ ಬೇರೆ. ಮಸೆಯುವುದು ಎಂದರೆ ಕಲ್ಲಿಗೆ ತಿಕ್ಕಿ ಹರಿತ ಮಾಡುವುದು. ಮಚ್ಚು, ಕುಡುಗೋಲು, ಕತ್ತಿ ಮಸೆಯುತ್ತೇವೆ. ಆ ಕಲ್ಲಿಗೆ ಮಸೆಗಲ್ಲು ಎಂದೇ ಹೆಸರು. ಯಾರೂ ಹೊಡೆಯುವ ಗಳಿಗೆಯಲ್ಲಿ ಕತ್ತಿ ಮಸೆಯುವುದಿಲ್ಲ. ಮೊದಲೇ ಕೂತು, ನಿಧಾನವಾಗಿ, ಮುಂದೊಂದು ದಿನ ಬೇಕಾಗುತ್ತದೆ ಎಂದು ಮಸೆಯುತ್ತಾರೆ. ಹಾಗಾಗಿ ‘ಅವನು ನಿನ್ನ ಮೇಲೆ ಹಲ್ಲು ಮಸೀತಿದ್ದಾನೆ’ ಎಂದರೆ ಒಳಗೇ ದ್ವೇಷ ಸಾಕುತ್ತಿದ್ದಾನೆ, ಸಮಯ ಕಾಯುತ್ತಿದ್ದಾನೆ, ಹುಷಾರು ಎಂದು. ವರದಿಗಳಲ್ಲಿ ‘ಎದುರಿಗೆ ಬಂದು ಹಲ್ಲು ಮಸೆದು ಕೂಗಾಡಿದ’ ಎಂದು ಬರೆಯುವುದನ್ನು ನೋಡಿದಾಗ ಬೇಸರವಾಗುತ್ತದೆ. ಕೂಗಾಡುವವನು ಹಲ್ಲು ಕಡಿಯುತ್ತಾನೆ. ಮಸೆಯುವವನು ಸುಮ್ನೆ ಇರುತ್ತಾನೆ.

ಕಿರಿಯುವುದು, ಕಿಸಿಯುವುದು, ಗಿಂಜುವುದು, ಈ ಮೂರೂ ಹಲ್ಲು ತೋರಿಸುವ ಬಗೆಗಳು. ಯಾವುದೂ ಮರ್ಯಾದೆಯ ನಗು ಅಲ್ಲ. ‘ಯಾಕೋ ಹಲ್ಲು ಕಿಸೀತೀಯಾ?’ ಎಂದು ಮೇಷ್ಟ್ರು ಬೈಯುವುದು ಹೊತ್ತುಗೊತ್ತಿಲ್ಲದೆ ನಗುವವನಿಗೆ. ಹಲ್ಲು ಕಿರಿಯುವುದರಲ್ಲಿ ಸ್ವಲ್ಪ ಓಲೈಕೆ ಸೇರುತ್ತದೆ. ಹಲ್ಲು ಗಿಂಜುವುದಂತೂ ಪೂರ್ತಿ ದೈನ್ಯ. ಸಾಲಕ್ಕೋ ಕೆಲಸಕ್ಕೋ ಇನ್ನೊಬ್ಬರ ಮುಂದೆ ನಿಂತು ಅಂಗಲಾಚುವುದು. ‘ಅವರ ಮುಂದೆ ಹೋಗಿ ಹಲ್ಲು ಗಿಂಜೋಕೆ ನನ್ನಿಂದ ಆಗಲ್ಲ’ ಎನ್ನುವ ಮಾತಿನಲ್ಲಿ ಎಷ್ಟು ಸ್ವಾಭಿಮಾನ ಇದೆ ನೋಡಿ. ದೇವಸ್ಥಾನದ ಬೆಟ್ಟಗಳಲ್ಲಿ ಮಂಗಗಳನ್ನು ಗಮನಿಸಿ. ಬಲವಾದ ಮಂಗ ಹತ್ತಿರ ಬಂದರೆ ಸಣ್ಣದು ತುಟಿ ಹಿಂದಕ್ಕೆಳೆದು ಹಲ್ಲು ತೋರಿಸುತ್ತದೆ. ನೋಡುವವರಿಗೆ ನಕ್ಕ ಹಾಗೆ ಕಾಣುತ್ತದೆ. ನಿಜದಲ್ಲಿ ಅದು ‘ನಿನಗೆ ಶರಣು, ಹೊಡೆಯಬೇಡ’ ಎನ್ನುವ ಸೂಚನೆ. ನಮ್ಮ ನುಡಿಗಟ್ಟು ಮಂಗಗಳನ್ನು ನೋಡಿಯೇ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಹಲ್ಲು ತೋರಿಸಿದ್ದೆಲ್ಲ ಸಂತೋಷ ಅಲ್ಲ ಎನ್ನುವುದು ಕನ್ನಡಕ್ಕೆ ಚೆನ್ನಾಗಿ ಗೊತ್ತು, ಅಷ್ಟೇ.

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಲ್ಲರಿಗೂ ಗೊತ್ತಿರುವ ಗಾದೆ. ಹುರಿಗಡಲೆ ತಿನ್ನಲು ಗಟ್ಟಿ ಹಲ್ಲು ಬೇಕು. ವಿವರಣೆ ಅಷ್ಟು ಸಾಕು. ಅದರ ಪಕ್ಕದಲ್ಲೇ ಕೂರುವುದು ‘ಕಬ್ಬಿಣದ ಕಡಲೆ’. ಅದರಲ್ಲಿ ಹಲ್ಲು ಎನ್ನುವ ಪದವೇ ಇಲ್ಲ, ಆದರೂ ಅದು ಹಲ್ಲಿನದ್ದೇ ಮಾತು. ಹಿಂದಿಯಲ್ಲೂ ಮರಾಠಿಯಲ್ಲೂ ಇದೇ ಕಬ್ಬಿಣದ ಕಡಲೆ ಇದೆ. ಅಲ್ಲಿ ಅದನ್ನು ಅಗಿದು ಗೆದ್ದ ಸಾಹಸಕ್ಕೂ ಬಳಸುತ್ತಾರೆ. ನಾವು ಹೆಚ್ಚಾಗಿ ಗಣಿತಕ್ಕೆ ಬಳಸುತ್ತೇವೆ.

‘ಮೂವತ್ತೆರಡು ಹಲ್ಲಿನ ನಡುವೆ ನಾಲಿಗೆ ಇದ್ದ ಹಾಗೆ’ ಎನ್ನುವುದನ್ನೂ ಕೇಳಿರುತ್ತೀರಿ. ಸುತ್ತಲೂ ಕಚ್ಚುವವರು, ನಡುವೆ ಒಬ್ಬರು ಮೆತ್ತಗಿನವರು. ಹದಿನಾರನೇ ಶತಮಾನದ ತುಲಸೀದಾಸರ ರಾಮಾಯಣದಲ್ಲಿ ವಿಭೀಷಣ ಲಂಕೆಯಲ್ಲಿ ತಾನಿರುವ ಪಾಡನ್ನು ಹನುಮಂತನಿಗೆ ಹೀಗೇ ಹೇಳಿಕೊಳ್ಳುತ್ತಾನೆ. ಅಷ್ಟು ಹಳೆಯದು, ಅಷ್ಟು ದೂರದವರೆಗೆ ಹರಡಿರುವುದು. ಇದನ್ನು ಒಂದು ಭಾಷೆಯ ಸ್ವತ್ತು ಎಂದು ಹೇಳಲು ಆಗುವುದಿಲ್ಲ.

ಹಲ್ಲು ಕಿತ್ತ ಹಾವಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹಾವಾಡಿಗರು ನಾಗರಹಾವಿನ ವಿಷದ ಹಲ್ಲು ಕಿತ್ತು ಆಡಿಸುತ್ತಿದ್ದರು. ಅದರಿಂದಲೇ ಈ ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾವು ಹಿಡಿದು ಆಡಿಸುವುದು ಅಪರಾಧ. ಹಾಗಾಗಿ ಈಗಿನ ಮಕ್ಕಳಿಗೆ ಆ ಚಿತ್ರವೇ ಕಣ್ಣ ಮುಂದೆ ಬರುವುದಿಲ್ಲ. ಅಧಿಕಾರ ಕಳೆದುಕೊಂಡವರಿಗೆ, ಬಲವಿಲ್ಲದ ಕಾನೂನಿಗೆ, ಸಂಸ್ಥೆಗೆ ಇದನ್ನು ಹೇಳುತ್ತೇವೆ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಬಂದು ಲೋಕಾಯುಕ್ತದ ಪೊಲೀಸ್ ಅಧಿಕಾರ ಹೋದಾಗ ‘ಹಲ್ಲಿಲ್ಲದ ಹಾವು’ ಎನ್ನುವ ಮಾತು ಮತ್ತೆ ಮತ್ತೆ ಕೇಳಿಬಂತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದು ಮಾಡಿತು, ಅಧಿಕಾರ ಮರಳಿತು. ಇಲ್ಲೊಂದು ಸೊಗಸಿದೆ. ನಿಜವಾದ ಹಾವಿಗೂ ಕಿತ್ತ ಹಲ್ಲು ಮತ್ತೆ ಬರುತ್ತದೆ. ವಿಷದ ಹಲ್ಲಿನ ಹಿಂದೆ ಹೊಸ ಹಲ್ಲು ಬೆಳೆಯುತ್ತಲೇ ಇರುತ್ತದೆ. ಹಾವಾಡಿಗರಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಒಮ್ಮೆ ಕಿತ್ತು ಸುಮ್ಮನಾಗುತ್ತಿರಲಿಲ್ಲ.

ಪತ್ರಿಕೆ ಓದುವ ಮಗಳಿಗೆ ‘ದಂತಕಥೆ’ಯನ್ನೂ ಹೇಳಿಕೊಡಿ. ಇದನ್ನು ದಂತದ ಹಾಗೆ ಬೆಲೆಬಾಳುವ ಕಥೆ ಎಂದುಕೊಂಡವರು ಬಹಳ ಜನ. ಸಂಸ್ಕೃತದಲ್ಲಿ ದಂತ ಎಂದರೆ ಹಲ್ಲು. ಬರೆದಿಡದೆ, ಬಾಯಿಂದ ಬಾಯಿಗೆ, ಹಲ್ಲಿನ ಸಂದಿಯಿಂದ ಹೊರಟು ಹರಡಿದ ಕಥೆ ದಂತಕಥೆ. ಮೊದಲು ಇದಕ್ಕೆ ‘ನಿಜವೋ ಸುಳ್ಳೋ ಗೊತ್ತಿಲ್ಲ’ ಎನ್ನುವ ಛಾಯೆಯೇ ಇತ್ತು. ಈಗ ‘ಕ್ರಿಕೆಟ್ ದಂತಕಥೆ’ ಎಂದು ದೊಡ್ಡ ಆಟಗಾರರನ್ನು ಕರೆಯುತ್ತೇವೆ. ಕಥೆಯ ಹೆಸರು ಮನುಷ್ಯನಿಗೆ ಬಂತು. ‘ದಂತಗೋಪುರ’ ಮಾತ್ರ ಬೇರೆ ದಾರಿಯದು. ಅದು ಆನೆಯ ದಂತವೇ. ಜನರಿಂದ ದೂರ ಉಳಿದ ಕವಿಯೊಬ್ಬನ ಬಗ್ಗೆ ಫ್ರೆಂಚ್ ವಿಮರ್ಶಕ ಸೇಂಟ್ ಬವ್ 1837ರಲ್ಲಿ ಬಳಸಿದ ಮಾತು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮಗೆ ಬಂದದ್ದು.

ಇನ್ನು ಬಾಚಣಿಗೆ. ನಿಮ್ಮ ಅನುಮಾನ ಸರಿ. ಹಲ್ಲಿಗೆ ಹೋಲಿಸಿದರೆ ಬಾಚಣಿಗೆಯ ನುಡಿಗಟ್ಟುಗಳು ನಮ್ಮಲ್ಲಿ ಕಡಿಮೆ. ನನಗೆ ಕಾಣುವ ಕಾರಣ ಇಷ್ಟು. ಕನ್ನಡದಲ್ಲಿ ಮಾತು ಕಟ್ಟುವ ಕೆಲಸವನ್ನು ಕೂದಲು ಮತ್ತು ಜುಟ್ಟೇ ಮಾಡಿಬಿಟ್ಟಿವೆ. ‘ಅವನ ಜುಟ್ಟು ಇವರ ಕೈಯಲ್ಲಿದೆ’, ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’, ‘ಕೂದಲೆಳೆಯಲ್ಲಿ ಪಾರಾದ’. ಇಂಗ್ಲಿಷಿನವರು ಹೀಗೆ ಕೂದಲೆಳೆಯಲ್ಲಿ ಪಾರಾಗುವುದನ್ನು ‘ಹಲ್ಲಿನ ಚರ್ಮದಷ್ಟರಲ್ಲಿ ಪಾರಾದೆ’ ಎಂದೂ ಹೇಳುತ್ತಾರೆ. ಅದು ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬ ಎಂಬವನ ಮಾತು. ಹಲ್ಲಿಗೆ ಚರ್ಮವೇ ಇಲ್ಲವಲ್ಲ, ಅಷ್ಟೂ ಉಳಿಯಲಿಲ್ಲ ಎನ್ನುವ ಭಾವ.

ಬಾಚಣಿಗೆಯ ಹೆಸರಿನಲ್ಲಿ ನುಡಿಗಟ್ಟು ಕಡಿಮೆಯಿದ್ದರೂ ಅದರೊಳಗಿನ ‘ಬಾಚು’ ಬಹಳ ದುಡಿಯುತ್ತದೆ. ಬಾಚುವುದು ತಲೆಗೆ ಮಾತ್ರ ಅಲ್ಲ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತೇವೆ, ಕಣದಲ್ಲಿ ಕಾಳು ಬಾಚುತ್ತೇವೆ. ಹರಡಿದ್ದನ್ನು ಒಂದೂ ಬಿಡದೆ ತನ್ನ ಕಡೆಗೆ ಎಳೆದುಕೊಳ್ಳುವುದು ಇದರ ಮೂಲ ಚಲನೆ. ‘ಕೈತುಂಬ ದುಡ್ಡು ಬಾಚಿದ’ ಎಂದರೆ ಅದೇ ಚಲನೆ, ಸ್ವಲ್ಪ ಅಸಮಾಧಾನದ ಜೊತೆ. ಕಷ್ಟಪಟ್ಟು ದುಡಿದವರಿಗೆ ಯಾರೂ ‘ಬಾಚಿದ’ ಎನ್ನುವುದಿಲ್ಲ. ‘ಮಗುವನ್ನು ಬಾಚಿ ತಬ್ಬಿಕೊಂಡಳು’ ಎನ್ನುವಾಗ ಅದೇ ಎಳೆತ ಪ್ರೀತಿಯಾಗುತ್ತದೆ.

ಉತ್ತರ ಕರ್ನಾಟಕದ ಕಡೆ ಬಾಚಣಿಗೆಗೆ ಹಣಿಗೆ ಎನ್ನುತ್ತಾರೆ. ನೇಕಾರರ ಮಗ್ಗದಲ್ಲೂ ಒಂದು ಹಣಿಗೆ ಇದೆ. ಹಾಸಿನ, ಎಂದರೆ ಉದ್ದುದ್ದದ ಎಳೆಗಳು ಅದರ ಹಲ್ಲುಗಳ ನಡುವೆ ಹಾದುಬರುತ್ತವೆ. ಹೊಕ್ಕಿನ ಅಡ್ಡ ಎಳೆ ಬಂದಾಗಲೆಲ್ಲ ಹಣಿಗೆಯನ್ನು ಎಳೆದು ಬಡಿದು ಬಟ್ಟೆ ಗಟ್ಟಿ ಮಾಡುತ್ತಾರೆ. ಹೊಲದಲ್ಲಿ ರಾಗಿ ಪೈರಿಗೆ ಹೊಡೆಯುವ ಹಲುಬೆಯಲ್ಲೂ ಸಾಲು ಹಲ್ಲು. ಕೂದಲು, ನೂಲು, ಪೈರು, ಮೂರನ್ನೂ ಬಿಡಿಸಿ ಸರಿಮಾಡುವ ಸಲಕರಣೆ ಒಂದೇ ಆಕಾರದ್ದು.

ಈಗ ಕೂಂಬಿಂಗ್. ಹೌದು, ಅದು ಬಾಚಣಿಗೆಯ ಮಾತೇ, ಇಂಗ್ಲಿಷಿನಿಂದ ಬಂದದ್ದು. ವೀರಪ್ಪನ್‌ಗಾಗಿ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ವರ್ಷಗಟ್ಟಲೆ ನಡೆದ ಹುಡುಕಾಟ ಈ ಪದವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿತು. ಅವನು ಸತ್ತದ್ದು 2004ರ ಅಕ್ಟೋಬರ್ 18ರಂದು. ಪದ ಮಾತ್ರ ಉಳಿಯಿತು. ಮಲೆನಾಡಿನಲ್ಲಿ ನಡೆದ ನಕ್ಸಲರ ಹುಡುಕಾಟ, ಊರಿಗೆ ಬಂದ ಹುಲಿಗಾಗಿ ಸಾಕಾನೆಗಳ ಮೇಲೆ ಕೂತು ಅರಣ್ಯ ಇಲಾಖೆ ನಡೆಸುವ ಹುಡುಕಾಟ, ಎಲ್ಲವೂ ಈಗ ಕೂಂಬಿಂಗ್. ಚಿತ್ರ ಸರಿಯಾಗಿಯೇ ಇದೆ. ಜನ ಅಗಲಕ್ಕೆ ಸಾಲಾಗಿ ನಿಂತು, ನಡುವೆ ಸಮನಾದ ಅಂತರ ಬಿಟ್ಟು, ಒಟ್ಟಿಗೆ ಮುಂದೆ ನಡೆಯುತ್ತಾರೆ. ಒಬ್ಬೊಬ್ಬ ಪೇದೆಯೂ ಬಾಚಣಿಗೆಯ ಒಂದೊಂದು ಹಲ್ಲು. ಅಂತರ ಜಾಸ್ತಿಯಾದರೆ ಅಡಗಿರುವವರು ನಡುವಿನಿಂದ ಜಾರಿಹೋಗುತ್ತಾರೆ.

ಇಂಗ್ಲಿಷಿನಲ್ಲಿ ಯಾವುದನ್ನಾದರೂ ಕೂಲಂಕಷವಾಗಿ ನೋಡುವುದಕ್ಕೆ ‘ಸಣ್ಣ ಹಲ್ಲಿನ ಬಾಚಣಿಗೆ ಹಿಡಿದು ನೋಡುವುದು’ ಎನ್ನುತ್ತಾರೆ. ಆ ಸಣ್ಣ ಹಲ್ಲಿನ ಬಾಚಣಿಗೆ ನಮ್ಮ ಸೀರಣಿಗೆಯೇ. ಹೇನಿನ ಮೊಟ್ಟೆಗೆ ಸೀರು ಎನ್ನುತ್ತೇವಲ್ಲ, ಅದನ್ನು ತೆಗೆಯುವ ಹಣಿಗೆ. ಸೀರು ಕೂದಲಿನ ಬುಡದ ಹತ್ತಿರ ಅಂಟಿನಿಂದ ಗಟ್ಟಿಯಾಗಿ ಹಿಡಿದಿರುತ್ತದೆ. ಸಾದಾ ಬಾಚಣಿಗೆಯ ಹಲ್ಲು ಅದರ ಅಕ್ಕಪಕ್ಕ ಸುಮ್ಮನೆ ಹಾದುಹೋಗುತ್ತದೆ. ಒತ್ತೊತ್ತಾದ ಹಲ್ಲು ಇದ್ದರಷ್ಟೇ ಸಿಕ್ಕುತ್ತದೆ. ಆದರೆ ‘ಕಡತವನ್ನು ಸೀರಣಿಗೆ ಹಾಕಿ ನೋಡಿದರು’ ಎಂದು ನಾವು ಹೇಳುವುದಿಲ್ಲ. ನಮ್ಮಲ್ಲಿ ಆ ಜಾಗದಲ್ಲಿ ‘ಜಾಲಾಡಿದರು’, ‘ಜರಡಿ ಹಿಡಿದರು’, ‘ಸೋಸಿ ನೋಡಿದರು’ ಇವೆ. ಬಟ್ಟೆ ಜಾಲಾಡುವುದು, ಹಿಟ್ಟು ಜರಡಿ ಹಿಡಿಯುವುದು, ಇಂಥ ದಿನದ ಕೆಲಸಗಳಿಂದ ಬಂದ ಮಾತುಗಳು. ಇವಿರುವಾ‌ಗ ಇಂಗ್ಲಿಷಿನ ಬಾಚಣಿಗೆಯನ್ನು ಪದಕ್ಕೆ ಪದ ಇಳಿಸುವ ಅಗತ್ಯ ನನಗೆ ಕಾಣುವುದಿಲ್ಲ.

ನಿಮ್ಮ ಪ್ರಶ್ನೆಯ ಹಲ್ಲು, ಬಾಚಣಿಗೆ ಎರಡೂ ಒಂದೇ ವಸ್ತುವಿನಲ್ಲಿ ಸೇರಿರುವ ಉದಾಹರಣೆ ಇಸ್ರೇಲ್‌ನ ಲಾಖಿಷ್ ಎಂಬ ಪ್ರಾಚೀನ ನಗರದ ನೆಲದಲ್ಲಿ ಸಿಕ್ಕಿದೆ. 2016ರಲ್ಲಿ ಅಗೆಯುವಾಗ ಆನೆದಂತದ ಪುಟ್ಟ ಬಾಚಣಿಗೆಯೊಂದು ದೊರೆಯಿತು. ಅಳತೆ ಸುಮಾರು 3.5 ಸೆಂ.ಮೀ. × 2.5 ಸೆಂ.ಮೀ. ಒಂದು ಬದಿಗೆ ಸಿಕ್ಕು ಬಿಡಿಸಲು 6 ದಪ್ಪ ಹಲ್ಲು, ಇನ್ನೊಂದು ಬದಿಗೆ ಹೇನು, ಸೀರು ತೆಗೆಯಲು 14 ಸಣ್ಣ ಹಲ್ಲು. ಎಷ್ಟೋ ವರ್ಷದ ನಂತರ ಅದರ ಮೇಲೆ ಕೊರೆದ ಅಕ್ಷರಗಳು ಕಣ್ಣಿಗೆ ಬಿದ್ದವು. 17 ಅಕ್ಷರ, 7 ಪದ. ‘ಈ ದಂತವು ಕೂದಲಿನ ಮತ್ತು ಗಡ್ಡದ ಹೇನನ್ನು ಕಿತ್ತುಹಾಕಲಿ’ ಎಂದು ಅದರ ಅರ್ಥ. ಕಾಲ ಸುಮಾರು ಕ್ರಿ.ಪೂ. 1700. ಅಕ್ಷರಮಾಲೆಯಲ್ಲಿ ಬರೆದು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಪೂರ್ಣ ವಾಕ್ಯಗಳಲ್ಲಿ ಇದೂ ಒಂದು. ರಾಜನ ಹೊಗಳಿಕೆಯಲ್ಲ, ದೇವರ ಸ್ತುತಿಯಲ್ಲ, ತಲೆಯ ಹೇನಿನ ಮಾತು. ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಬಾಚಣಿಗೆಯ ಮೇಲೆ ಇರುವ ಒಂದು ಗಾದೆ ‘ಬೋಳುತಲೆಗೆ ಬಾಚಣಿಗೆ ಯಾಕೆ’ ಎನ್ನುವುದು. ಉಪಯೋಗವಿಲ್ಲದ ವಸ್ತುವಿಗೆ ಹೇಳುತ್ತಾರೆ. ಇದರ ಇನ್ನೊಂದು ರೂಪದಲ್ಲಿ ‘ಬೋಳಿ’ ಎಂಬ ಪದ ಬರುತ್ತದೆ. ಹಿಂದೆ ಕೆಲವು ಸಮುದಾಯಗಳಲ್ಲಿ ಗಂಡ ಸತ್ತ ಹೆಣ್ಣುಮಗಳ ತಲೆ ಬೋಳಿಸುತ್ತಿದ್ದರು. ಎಷ್ಟೋ ಮಂದಿ ಇನ್ನೂ ಆಡುವ ವಯಸ್ಸಿನ ಮಕ್ಕಳು. ಬಾಚಣಿಗೆಯನ್ನು ಅವರ ಕೈಯಿಂದ ಕಿತ್ತುಕೊಂಡವರೇ ಆಮೇಲೆ ಅದರ ಮೇಲೆ ಗಾದೆ ಕಟ್ಟಿದರು, ಅವರ ಹೆಸರನ್ನು ಬೈಗುಳ ಮಾಡಿದರು. ಗಾದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಉಳಿಸಿ ಬಳಸಬೇಕಿಲ್ಲ. ನಿಮ್ಮ ಮಗಳು ಯಾವುದಾದರೂ ಗಾದೆ ಪುಸ್ತಕದಲ್ಲಿ ಇದನ್ನು ಕಂಡು ಅರ್ಥ ಕೇಳಿದರೆ ಮುಚ್ಚಿಡಬೇಡಿ. ಆ ಹೆಣ್ಣುಮಕ್ಕಳ ಕಥೆಯನ್ನೇ ಹೇಳಿ.